ನದಿಗೆ ಒಂದು ಸುತ್ತು

ಬಾಸ್ಟನ್ನಿಗೆ ಬಂದ ಹೊಸತರಲ್ಲಿ ಚಾರ್ಲ್ಸ್ ನದಿಯನ್ನು ನಾವು ಕಂಡದ್ದೆಲ್ಲ ಕಾರಿನ ಕಿಟಕಿಯಿಂದ. ಸ್ಟಾರೋ ಡ್ರೈವಿನಲ್ಲಿ ಹೋಗುತ್ತ "ಅಬ್ಬಾ, ಎಷ್ಟು ಚೆನ್ನಾಗಿದೆ!" ಎನ್ನುವಷ್ಟರಲ್ಲಿ ನಾವು ಇಳಿಯಬೇಕಾದ ತಿರುವು ಬಂದುಬಿಡುತ್ತಿತ್ತು. ದಂಡೆಯ ಮೇಲೆ ಚಡ್ಡಿ ತೊಟ್ಟು ಓಡುವವರನ್ನು ನೋಡಿ ನಗುತ್ತಿದ್ದೆವು. ಇವರಿಗೆ ಮನೆಯಲ್ಲಿ ಕೆಲಸವಿಲ್ಲವೆ ಎಂದುಕೊಳ್ಳುತ್ತಿದ್ದೆವು. ಈಗ ನಾವು ಗಂಡ ಹೆಂಡಿರಿಬ್ಬರೂ ಆ ಕೆಲಸವಿಲ್ಲದವರ ಗುಂಪಿಗೆ ಸೇರಿದ್ದೇವೆ. ಸೇರಿದ ಕಾರಣ ಮಾತ್ರ ನಗುವಂಥದ್ದಲ್ಲ.

2022ರ ಡಿಸೆಂಬರಿನಲ್ಲಿ ನಮ್ಮ ಗೆಳೆಯರೊಬ್ಬರು ತೀರಿಕೊಂಡರು. ವಯಸ್ಸು 44. ದುರಭ್ಯಾಸಗಳಿರಲಿಲ್ಲ, ಶುದ್ಧ ಸಸ್ಯಾಹಾರಿ. ರಾಜ್ಯೋತ್ಸವದ ನಾಟಕದಲ್ಲಿ ಪಾತ್ರ ಮಾಡಿ ಒಂದು ತಿಂಗಳಾಗಿತ್ತು ಅಷ್ಟೆ. ಮನೆಯ ಮುಂದಿನ ಹಿಮ ಎತ್ತುತ್ತಿದ್ದಾಗ ಕುಸಿದು ಬಿದ್ದರು, ಏಳಲಿಲ್ಲ. ಅವರ ಮನೆಯಲ್ಲಿ ಕುಳಿತಿದ್ದಾಗ ನಾವೆಲ್ಲ ಹೇಳಿದ್ದು ಒಂದೇ ಮಾತು: "ವಿಧಿ." ಆ ಮಾತು ಅರ್ಧ ಮಾತ್ರ ನಿಜವೆಂಬುದು ನಮ್ಮ ಅಭಿಪ್ರಾಯ.

ಪ್ರಯೋಗಾಲಯದಲ್ಲಿ ಹಗಲು ಕಳೆಯುವವರಿಗೆ ಅಂಕಿಗಳ ಮೇಲೆ ನಂಬಿಕೆ ಹೆಚ್ಚು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲು ಕೇವಲ 9 ಕಾರಣಗಳಿಗೆ ಸೇರುತ್ತದೆಂದು ಅದು ತೋರಿಸಿತು. ವ್ಯಾಯಾಮವಿಲ್ಲದಿರುವುದು ಅವುಗಳಲ್ಲೊಂದು. 2007ರಲ್ಲಿ ಅದೇ ಅಧ್ಯಯನದ ಇನ್ನೊಂದು ವರದಿ ಬಂತು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ ಬಂದರೆ, ಉಳಿದವರಿಗೆ 58 ದಾಟಿದ ಮೇಲೆ. ಐದಾರು ವರ್ಷದ ಅಂತರ! ಮಗ ಹೈಸ್ಕೂಲು ಸೇರಿ ಮುಗಿಸುವಷ್ಟು ಕಾಲ.

ಚಾರ್ಲ್ಸ್ ನದಿಯ ದಂಡೆಯ ಟಾರು ದಾರಿಗೆ ಡಾಕ್ಟರ್ ಪಾಲ್ ಡಡ್ಲಿ ವೈಟ್ ಅವರ ಹೆಸರಿಟ್ಟಿದ್ದಾರೆ. ಅವರು ಇದೇ ಊರಿನ ಹೃದಯತಜ್ಞರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರನ್ನು ಕರೆಸಲಾಗಿತ್ತು. ಹೃದಯ ಕೆಟ್ಟವನು ಹಾಸಿಗೆ ಬಿಟ್ಟೇಳಬಾರದೆಂದು ಜನ ನಂಬಿದ್ದ ಕಾಲದಲ್ಲಿ ನಡೆಯಿರಿ, ಸೈಕಲ್ ತುಳಿಯಿರಿ ಎಂದು ಹೇಳಿದವರು, ತಾವೂ ತುಳಿದವರು. ಅವರ ಹೆಸರಿನ ದಾರಿಯನ್ನು ಪಕ್ಕದಲ್ಲಿಟ್ಟುಕೊಂಡು ನಾವು ಹಾಲು ತರುವುದಕ್ಕೂ ಕಾರು ತೆಗೆಯುತ್ತೇವೆ. ಮೈಸೂರಿನಿಂದ ಬಂದಿದ್ದ ತಂದೆಯವರು, "ಅಲ್ಲಿ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೆ. ಇಲ್ಲಿ ನಿಮ್ಮ ಸೋಫಾ ಸುತ್ತುತ್ತಿದ್ದೇನೆ" ಎಂದರು. ಮರುದಿನವೇ ಅವರನ್ನು ನದಿಗೆ ಕರೆದುಕೊಂಡು ಹೋದೆವು.

ಈ ದಾರಿಯ ಗುಣವಿರುವುದು ಅದು ಸುತ್ತಾಗಿರುವುದರಲ್ಲಿ. ಎರಡು ದಂಡೆಯಲ್ಲೂ ದಾರಿಯಿದೆ, ನಡುನಡುವೆ ಸೇತುವೆಗಳಿವೆ. ಶಕ್ತಿಗೆ ತಕ್ಕ ಸೇತುವೆಯನ್ನು ಆರಿಸಿಕೊಳ್ಳಬಹುದು. ಲಾಂಗ್‌ಫೆಲೋ ಸೇತುವೆಯಿಂದ ಹಾರ್ವರ್ಡ್ ಸೇತುವೆಗೆ ಹೋಗಿ ಆಚೆ ದಂಡೆಯಿಂದ ಮರಳಿದರೆ ಸುಮಾರು 3 ಮೈಲಿ. ಹೋದ ದಾರಿಯಲ್ಲೇ ಹಿಂದಿರುಗುವುದಾದರೆ ಎಲ್ಲಿ ಬೇಕಾದರೂ ಸೋತು ತಿರುಗಬಹುದು. ಸುತ್ತಿನಲ್ಲಿ ಹಾಗಲ್ಲ. ಸೇತುವೆ ದಾಟಿದ ಮೇಲೆ ನಮ್ಮ ಕಾರು ಇರುವುದು ಮುಂದೆಯೇ. ಮೊದಲ ತಿಂಗಳು ನಾವು ನೂರು ಹೆಜ್ಜೆ ಓಡಿ ಇನ್ನೂರು ಹೆಜ್ಜೆ ನಡೆದು ಏದುಸಿರು ಬಿಡುತ್ತ ಸುತ್ತು ಮುಗಿಸುತ್ತಿದ್ದೆವು. ಯಾರೂ ನಗಲಿಲ್ಲ. ಬಾತುಕೋಳಿಗಳು ಮಾತ್ರ ದಾರಿ ಬಿಡಲಿಲ್ಲ.

ಮಕ್ಕಳು ಬೇಸರವೆಂದರೆ ಹಾರ್ವರ್ಡ್ ಸೇತುವೆಯ ಗುರುತುಗಳನ್ನು ಎಣಿಸಲು ಹೇಳಿ. 1958ರಲ್ಲಿ ಎಂ.ಐ.ಟಿ. ವಿದ್ಯಾರ್ಥಿಗಳು ಆಲಿವರ್ ಸ್ಮೂಟ್ ಎಂಬ 5 ಅಡಿ 7 ಅಂಗುಲದ ಸಹಪಾಠಿಯನ್ನು ಮತ್ತೆ ಮತ್ತೆ ಮಲಗಿಸಿ ಸೇತುವೆಯನ್ನು ಅಳೆದರು. ಉದ್ದ 364.4 ಸ್ಮೂಟ್ ಮತ್ತು ಒಂದು ಕಿವಿ! ಈ ಮಹಾಶಯರೇ ಮುಂದೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಅಧ್ಯಕ್ಷರಾದರು.

ಓಟವೇ ಸಂಜೀವಿನಿ ಎಂದು ನಾವು ಹೇಳುತ್ತಿಲ್ಲ. 1977ರಲ್ಲಿ ಓಟದ ಮೇಲೆ ಪುಸ್ತಕ ಬರೆದು ಅಮೆರಿಕದವರನ್ನು ರಸ್ತೆಗಿಳಿಸಿದ ಜಿಮ್ ಫಿಕ್ಸ್ 1984ರಲ್ಲಿ, 52ನೆಯ ವಯಸ್ಸಿಗೆ, ಓಡುತ್ತಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ತಂದೆ 43ಕ್ಕೇ ಹೃದಯದ ಕಾಯಿಲೆಯಿಂದ ಹೋಗಿದ್ದರು. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಇಂಥ ಕಥೆಯಿದೆ. ಆದ್ದರಿಂದ ನಲವತ್ತರ ಹತ್ತಿರ ಬಂದವರು ಮೊದಲು ವೈದ್ಯರನ್ನು ಕಾಣಲಿ. ರಕ್ತದ ಒತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಲಿ. ಆಮೇಲೆ ನಡಿಗೆ, ಅದರ ನಂತರ ಓಟ. ನಡಿಗೆಯಲ್ಲೇ ನಿಂತರೂ ನಷ್ಟವಿಲ್ಲ. ಸೀರೆ ಉಟ್ಟು ಓಡುವುದು ಹೇಗೆ ಎನ್ನುವ ಸೋದರಿಯರಿಗೆ ನಮ್ಮ ಮನೆಯವರ ಉತ್ತರ: ಸೀರೆಯಲ್ಲಿ ಬಸ್ಸು ಹಿಡಿಯಲು ಓಡಿದವರೇ ಅಲ್ಲವೆ ನಾವು?

ಇನ್ನೊಂದು ಸಂಗತಿ. ಹೆಲೆನ್ ಸ್ಟಾರೋ ಎಂಬಾಕೆ ಗಂಡನ ನೆನಪಿಗೆ 10 ಲಕ್ಷ ಡಾಲರು ಕೊಟ್ಟು ಈ ದಂಡೆಯ ಉದ್ಯಾನವನ್ನು ಬೆಳೆಸಿದರು. ಇಲ್ಲಿ ಹೆದ್ದಾರಿ ಬೇಡವೆಂದು ವಿರೋಧಿಸಿದರು. ಆಕೆ 1944ರಲ್ಲಿ ಕಾಲವಾದರು. 1951ರಲ್ಲಿ ಹೆದ್ದಾರಿ ತೆರೆಯಿತು. ಅದಕ್ಕೆ ಇಟ್ಟದ್ದು ಆಕೆಯ ಗಂಡನ ಹೆಸರನ್ನೇ! ನಾವು ದಿನವೂ ಕಾರು ಓಡಿಸುವುದು ಆ ಸ್ಟಾರೋ ಡ್ರೈವಿನ ಮೇಲೆ. ಬಳಸುವವರಿಲ್ಲದ ದಾರಿ ಉಳಿಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಘಕ್ಕೆ ನಮ್ಮ ಸಲಹೆ ಇಷ್ಟೆ. ಆಚೆ ದಂಡೆಯಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಬಳಿ, ಮೆಮೋರಿಯಲ್ ಡ್ರೈವಿನ ಒಂದು ಭಾಗವನ್ನು ಏಪ್ರಿಲ್ ಕೊನೆಯಿಂದ ನವೆಂಬರ್‌ವರೆಗೆ ಭಾನುವಾರಗಳಂದು ಕಾರುಗಳಿಗೆ ಮುಚ್ಚುತ್ತಾರೆ. ನಾವು ವರ್ಷವಿಡೀ ಶಾಲೆಗಳ ಊಟದ ಮನೆಯಲ್ಲಿ ಸೇರಿ, ಬಿಸಿಬೇಳೆ ಭಾತ್, ಜಿಲೇಬಿ ಮುಗಿಸಿ, ಕುರ್ಚಿಯ ಮೇಲೆ ಕುಳಿತು ಭಾಷಣ ಕೇಳುತ್ತೇವೆ. ಭಾತ್ ಬಿಡಿ ಎಂದು ಹೇಳುವಷ್ಟು ಧೈರ್ಯ ನಮಗಿಲ್ಲ. ತಿಂಗಳಿಗೊಂದು ಭಾನುವಾರ ನದಿಯ ಬಳಿ ಸೇರೋಣ. ವೃದ್ಧರು, ಮಕ್ಕಳು ಮುಚ್ಚಿದ ರಸ್ತೆಯಲ್ಲಿ ನಡೆಯಲಿ. ಕೈಲಾದವರು ಒಂದು ಸುತ್ತು ಓಡಲಿ. ಎಲ್ಲರಿಗಿಂತ ನಿಧಾನದವರ ಜೊತೆ ಸದಾ ಒಬ್ಬರಿರಲಿ. ಖರ್ಚು ಏನೂ ಇಲ್ಲ, ಖಜಾಂಚಿಗಳು ಹೆದರಬೇಕಾಗಿಲ್ಲ.

ಗೆಳೆಯರು ಹೋದ ಮೇಲೆ ಸಂಘದವರೆಲ್ಲ ಹಣ ಕೂಡಿಸಿ ಆ ಕುಟುಂಬಕ್ಕೆ ನೆರವಾದೆವು. ಅದು ಒಳ್ಳೆಯ ಕೆಲಸವೇ. ಆದರೆ ಅದಕ್ಕಿಂತ ಮುಂಚೆ, ಅವರು ಇದ್ದಾಗಲೇ, "ಬನ್ನಿ, ಭಾನುವಾರ ಒಂದು ಸುತ್ತು ಹಾಕೋಣ" ಎಂದು ಯಾರೂ ಕರೆದಿರಲಿಲ್ಲ. ನಾವೂ ಕರೆದಿರಲಿಲ್ಲ. ಈಗ ಕರೆಯುತ್ತಿದ್ದೇವೆ. ಬನ್ನಿ.