ಜಗಲಿಯಲ್ಲಿ ತಂಗಿದವರು

ಪೆಸಿಫಿಕ್ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಗುವಾಮ್ ಎಂಬ ದ್ವೀಪವಿದೆ. ಅದರ ವಿಸ್ತಾರ ಸುಮಾರು 540 ಚದರ ಕಿಲೋಮೀಟರು. 1898ರಲ್ಲಿ ಸ್ಪೇನಿನಿಂದ ಅಮೆರಿಕದ ಕೈಸೇರಿದ ಈ ನೆಲ, 1941ರ ಡಿಸೆಂಬರಿನಿಂದ 1944ರವರೆಗೆ ಜಪಾನೀಯರ ವಶದಲ್ಲಿ ನರಳಿತು. ಅಲ್ಲಿಯ ಜನರು ಅಮೆರಿಕದ ಪ್ರಜೆಗಳೇ ಸರಿ. ಆದರೆ ಆ ದೇಶದ ಅಧ್ಯಕ್ಷರನ್ನು ಆರಿಸುವ ಮತಾಧಿಕಾರ ಅವರಿಗಿಲ್ಲ. ನಮ್ಮ ಹಳೆಯ ಮನೆಗಳ ಜಗಲಿಯಂತೆ, ಮನೆಗೆ ಸೇರಿದ್ದು ಹೌದು, ಒಳಮನೆಯಲ್ಲ.

1975ರ ಏಪ್ರಿಲ್ ಕೊನೆಯಲ್ಲಿ, ಸೈಗಾನ್ ಪತನದ ದಿನಗಳಲ್ಲಿ, ಈ ಜಗಲಿಗೆ ಅತಿಥಿಗಳು ಬಂದರು. ವಿಯೆಟ್ನಾಮಿನಿಂದ ಹೊರಟವರನ್ನು ಅಮೆರಿಕ ಮೊದಲು ಫಿಲಿಪೈನ್ಸಿಗೆ ಸಾಗಿಸುತ್ತಿತ್ತು. ಅಲ್ಲಿಯ ಅಧ್ಯಕ್ಷ ಮಾರ್ಕೋಸರು ಒಮ್ಮೆಗೆ 2,500 ಮಂದಿಗಿಂತ ಹೆಚ್ಚು ಜನ ಇರಕೂಡದೆಂದು ಕಟ್ಟಳೆ ಹಾಕಿದರು. ಒಡನೆಯೇ ಎಲ್ಲರ ದೃಷ್ಟಿಯೂ ಗುವಾಮಿನ ಕಡೆ ತಿರುಗಿತು. ಗವರ್ನರ್ ರಿಕಾರ್ಡೊ ಬೊರ್ಡಾಲೊ ತಾತ್ಕಾಲಿಕ ಆಶ್ರಯಕ್ಕೆ ಒಪ್ಪಿದರು. ತಾತ್ಕಾಲಿಕ ಎಂಬ ಶಬ್ದವನ್ನು ವಾಚಕರು ಮರೆಯಬಾರದು. ಆ ಒಪ್ಪಂದವೆಲ್ಲ ನಿಂತಿದ್ದುದು ಅದೊಂದರ ಮೇಲೆಯೇ.

ಒರೋಟೆ ಎಂಬಲ್ಲಿ, ಹಳೆಯ ಯುದ್ಧಕಾಲದ ವಿಮಾನನೆಲೆಯ ಮೇಲೆ ಬೆಳೆದಿದ್ದ ಕುರುಚಲು ಕಾಡನ್ನು ಕಡಿದು ಡೇರೆಗಳ ನಗರವನ್ನೇ ಎಬ್ಬಿಸಿದರು. ನವೆಂಬರ್ ಹೊತ್ತಿಗೆ ಆ ದ್ವೀಪದ ಮೂಲಕ ಹಾದುಹೋದವರು 1,11,000ಕ್ಕೂ ಹೆಚ್ಚು. ದ್ವೀಪದ ಸ್ವಂತ ಜನಸಂಖ್ಯೆಯೇ ಒಂದು ಲಕ್ಷದ ಆಸುಪಾಸು! ಬಂದವರಲ್ಲಿ ಬಹುಪಾಲು ಮಂದಿ ಅಮೆರಿಕದ ಒಳನಾಡಿಗೆ ತೆರಳಿ ಹೊಸ ಬದುಕು ಕಟ್ಟಿಕೊಂಡರು. ಅವರ ಕಥೆ ಲೋಕಕ್ಕೆ ತಿಳಿದದ್ದೇ.

ಆದರೆ ಕೆಲವರು ಮುಂದಕ್ಕೆ ಹೋಗಲು ಒಲ್ಲೆವೆಂದರು. ಸುಮಾರು ಒಂದೂವರೆ ಸಾವಿರ ಮಂದಿ, ಹೆಚ್ಚಿನವರು ಸೈನಿಕರು ಮತ್ತು ನಾವಿಕರು, ತಮ್ಮನ್ನು ವಿಯೆಟ್ನಾಮಿಗೇ ಕಳುಹಿಸಿಕೊಡಬೇಕೆಂದು ಹಟ ಹಿಡಿದರು. ಕಡೆಯ ಗಳಿಗೆಯ ಗೊಂದಲದಲ್ಲಿ ಹಡಗು ತೀರ ಬಿಟ್ಟಿತ್ತು. ಮಡದಿ ಮಕ್ಕಳು ತೀರದಲ್ಲಿಯೇ ಉಳಿದಿದ್ದರು. ಇಂಥವರಿಗೆ ಅಮೆರಿಕದ ಸಂಬಳ, ಮೋಟಾರು, ಮನೆ ಯಾವುದರಿಂದ ಸಮಾಧಾನವಾದೀತು?

ಸಂಧಾನ ತೊಡಕಾದದ್ದು ಇಲ್ಲಿ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ ಕಚೇರಿ ನಡುವೆ ನಿಂತು ಅರ್ಜಿಗಳನ್ನು ಬರೆಸಿಕೊಂಡಿತು. ಯಾರನ್ನು ಒಳಗೆ ಸೇರಿಸಬೇಕೆಂಬುದು ತಮ್ಮ ಅಧಿಕಾರವೆಂದು ವಿಯೆಟ್ನಾಮಿನ ಹೊಸ ಆಡಳಿತಗಾರರು ಭಾವಿಸಿದ್ದರು, ಒಪ್ಪಿಗೆ ಬರಲಿಲ್ಲ. ಕಮ್ಯೂನಿಸ್ಟರಿಂದ ಪಾರುಮಾಡಿ ತಂದವರನ್ನು ಅವರ ಕೈಗೇ ಮರಳಿ ಒಪ್ಪಿಸುವುದು ಅಮೆರಿಕಕ್ಕೂ ಮುಜುಗರ. ತಿಂಗಳುಗಳು ಉರುಳಿದವು. ಶಿಬಿರದವರು ಮೆರವಣಿಗೆ ಹೊರಟರು, ಉಪವಾಸ ಕೂತರು, ಕೆಲವರು ತಲೆಯನ್ನೂ ಬೋಳಿಸಿಕೊಂಡರು. ಅವರು ಬೇಡಿದ್ದು ಒಂದು ಹಡಗನ್ನು ಮಾತ್ರ.

ಕೊನೆಗೆ ಅಮೆರಿಕ ಮಣಿಯಿತು. ನಿರಾಶ್ರಿತರನ್ನೇ ಹೊತ್ತು ಗುವಾಮಿಗೆ ಬಂದಿದ್ದ ‘ತುವಾಂಗ್ ತಿನ್’ ಎಂಬ ಸರಕು ಹಡಗನ್ನು ದುರಸ್ತಿ ಮಾಡಿಸಿ ಅವರಿಗೆ ಒಪ್ಪಿಸಿತು. ಇದನ್ನು ಔದಾರ್ಯವೆನ್ನಲೇ, ತಲೆನೋವು ಕಳೆದುಕೊಳ್ಳುವ ಉಪಾಯವೆನ್ನಲೇ? ಎರಡನೆಯದೇ ಹೆಚ್ಚೆಂದು ನನ್ನ ಎಣಿಕೆ. ಆ ದಡದಿಂದ ಒಪ್ಪಿಗೆಯ ಮಾತು ಬಾರದೆಯೇ ಹಡಗು ಹೊರಡುವುದೆಂಬುದು ಎಲ್ಲರಿಗೂ ಗೊತ್ತಿತ್ತಲ್ಲ! ಆದರೂ ಬೇಡವೆನ್ನುವ ಹಕ್ಕು ನಮಗೆಲ್ಲಿದೆ? ಸ್ವಂತ ಮನೆಗೆ ಹೋಗುತ್ತೇನೆಂಬವನನ್ನು ಅವನ ಹಿತಕ್ಕಾಗಿಯೇ ಆದರೂ ಬೇಲಿಯೊಳಗೆ ಕೂಡಿಹಾಕುವುದು ಆಶ್ರಯವೆನಿಸದು.

1975ರ ಅಕ್ಟೋಬರ್ 16ರಂದು 1,546 ಮಂದಿಯನ್ನು ಹೊತ್ತು ಹಡಗು ಗುವಾಮನ್ನು ಬಿಟ್ಟಿತು. ಕಪ್ತಾನರಾಗಿದ್ದವರು ದಕ್ಷಿಣ ವಿಯೆಟ್ನಾಮಿನ ನೌಕಾಪಡೆಯ ಅಧಿಕಾರಿ ತ್ರಾನ್ ದಿನ್ ತ್ರು. ಅವರ ಸಂಸಾರವೂ ಆ ದಡದಲ್ಲಿತ್ತು. ಸೆರೆಯಾದೀತೆಂಬ ಅರಿವಿದ್ದೂ ಅವರು ಚುಕ್ಕಾಣಿ ಹಿಡಿದರು. ಊರು ಮುಟ್ಟಿದವರನ್ನು ಎದುರುಗೊಂಡದ್ದು ಮಡದಿ ಮಕ್ಕಳಲ್ಲ, ‘ಮರುಶಿಕ್ಷಣ’ ಶಿಬಿರಗಳು. ಕಪ್ತಾನರು ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಬಿಡುಗಡೆಯಾದ ಬಳಿಕ 1991ರಲ್ಲಿ, ಯಾರಿಗಾಗಿ ಗುವಾಮನ್ನು ಬಿಟ್ಟಿದ್ದರೋ ಆ ಸಂಸಾರದೊಡನೆಯೇ ಅವರು ಅಮೆರಿಕಕ್ಕೆ ಹೋದರು.