ಇರೋ ನಾಲ್ಕು ದಿನ ಮೂರು ಕಾಲಲ್ಲಿ

ಈ ಕಂತಿನಲ್ಲಿ ಅತಿಥಿಗಳು ಯಾರೂ ಇಲ್ಲ. ಒಂದು ಪತ್ರ ಇದೆ, ಅದರ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ. ಅಭಿಪ್ರಾಯ ಅಂತ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾನು ಪಶುವೈದ್ಯೆ ಅಲ್ಲ. ನಿಮ್ಮ ನಾಯಿಯನ್ನು ಕೈಯಿಂದ ಮುಟ್ಟಿ ನೋಡಿದ ವೈದ್ಯರ ಮಾತು ನನ್ನ ಮಾತಿಗಿಂತ ದೊಡ್ಡದು.

ಪತ್ರ ಬಂದಿರೋದು ಜಪಾನಿನ ಒಕಾಜಾಕಿಯಿಂದ. ಮನೆಯಲ್ಲಿ ಎಂಟು ವರ್ಷದ ಗೋಲ್ಡನ್ ರಿಟ್ರೀವರ್ ಇದೆ. ಮುಂಗಾಲು ಕುಂಟೋಕೆ ಶುರುವಾಯ್ತು, ಉಳುಕಿರಬೇಕು ಅಂದುಕೊಂಡ್ರು, ಒಂದಷ್ಟು ದಿನ ಮಾತ್ರೆ ಆಯ್ತು. ಕಡೆಗೆ ಎಕ್ಸ್-ರೇ ತೆಗೆದಾಗ ಪಾದದ ಗಂಟಿನ ಸ್ವಲ್ಪ ಮೇಲೆ ಮೂಳೆ ಗೆದ್ದಲು ತಿಂದ ಮರದ ಹಾಗೆ ಕಾಣಿಸ್ತಂತೆ. ಆಸ್ಟಿಯೋಸಾರ್ಕೋಮಾ, ಅಂದ್ರೆ ಮೂಳೆ ಕ್ಯಾನ್ಸರ್. ವೈದ್ಯರು ಕಾಲು ತೆಗೆಯೋಣ ಅಂದಿದ್ದಾರೆ. ದಾವಣಗೆರೆಯಲ್ಲಿರೋ ಅಮ್ಮ ಫೋನಿನಲ್ಲಿ, "ಬೇಡ ಕಣಪ್ಪಾ, ಇರೋ ನಾಲ್ಕು ದಿನ ನಾಲ್ಕು ಕಾಲಲ್ಲೇ ಇರ್ಲಿ ಪಾಪ" ಅಂದಿದ್ದಾರೆ. ಮಗ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾನೆ.

ನನ್ನ ಅಭಿಪ್ರಾಯ: ಉಳಿದ ಮೂರು ಕಾಲು ಗಟ್ಟಿಯಾಗಿದ್ದರೆ, ಎದೆಯ ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ, ವೈದ್ಯರ ಮಾತು ಕೇಳಿ. ಅಮ್ಮನ ಮಾತಿನಲ್ಲಿ ಪ್ರೀತಿ ಇದೆ, ಅದನ್ನ ಯಾರೂ ಅಲ್ಲಗಳೆಯಲ್ಲ. ಆದರೆ ಆ ನಾಲ್ಕನೇ ಕಾಲು ಈಗ ಕಾಲಾಗಿ ಉಳಿದಿಲ್ಲ. ನಾಯಿ ಆಗಲೇ ಮೂರರಲ್ಲಿ ನಡೀತಿದೆ. ನಾಲ್ಕನೆಯದು ನೋಯೋದಕ್ಕೆ ಮಾತ್ರ ಅಲ್ಲಿ ನೇತಾಡ್ತಿದೆ.

ಈ ಕಾಯಿಲೆ ಹೇಗಿದೆ ಅಂತ ಸ್ವಲ್ಪ ನೋಡೋಣ. ನಾಯಿಗಳಲ್ಲಿ ಮೂಳೆಯಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಶೇಕಡ 85ರಷ್ಟು ಇದೇ. ದೊಡ್ಡ ಮೈಯ ತಳಿಗಳಲ್ಲಿ ಜಾಸ್ತಿ: ರಾಟ್‌ವೀಲರ್, ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಗ್ರೇಹೌಂಡ್. ಹಿಂಗಾಲಿಗಿಂತ ಮುಂಗಾಲಿನಲ್ಲಿ ಜಾಸ್ತಿ. ಪಶುವೈದ್ಯ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳೋದು ಹೀಗೆ: ಮೊಣಕೈಯಿಂದ ದೂರ, ಮೊಣಕಾಲಿಗೆ ಹತ್ತಿರ. ಗಡ್ಡೆ ಒಳಗಿನಿಂದ ಮೂಳೆಯನ್ನು ಕರಗಿಸ್ತಾ ಹೋಗುತ್ತೆ, ಜೊತೆಗೆ ಅಡ್ಡಾದಿಡ್ಡಿಯಾಗಿ ಹೊಸ ಮೂಳೆಯನ್ನೂ ಕಟ್ಟುತ್ತೆ. ಮೂಳೆಯ ಹೊರಪೊರೆಯಲ್ಲಿ ನೋವಿನ ನರಗಳು ಕಿಕ್ಕಿರಿದಿವೆ, ಆ ಪೊರೆ ಹಿಗ್ಗಿದಾಗ ಆಗುವ ನೋವು ಹಲ್ಲುನೋವಿನಂಥದ್ದು ಅಂದ್ಕೊಳ್ಳಿ, ಆದರೆ ಹಗಲು ರಾತ್ರಿ. ಮಾತ್ರೆಗಳು ಅದನ್ನ ಪೂರ್ತಿ ಹಿಡಿಯೋದು ಕಷ್ಟ. ಒಂದು ದಿನ ಸುಮ್ಮನೆ ಸೋಫಾದಿಂದ ಇಳಿಯುವಾಗ ಆ ಮೂಳೆ ಮುರಿದೂ ಹೋಗಬಹುದು.

ಇನ್ನೊಂದು ಸತ್ಯವನ್ನೂ ಹೇಳಬೇಕು, ಇಲ್ಲದಿದ್ರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಕಾಲು ತೆಗೆದರೆ ಕ್ಯಾನ್ಸರ್ ಹೋಗಲ್ಲ. ಪತ್ತೆಯಾಗುವ ಹೊತ್ತಿಗೇ ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶಕ್ಕೆ ಹೋಗಿ ಕೂತಿರುತ್ತವೆ. ಬರೀ ಕಾಲು ತೆಗೆದು ಬಿಟ್ಟರೆ, ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳೊಳಗೆ ಹೋಗುತ್ತವೆ, ಉಳಿದರ್ಧ ಅದಕ್ಕಿಂತ ಹೆಚ್ಚು ಬದುಕುತ್ತವೆ. ಜೊತೆಗೆ ಕಾರ್ಬೋಪ್ಲಾಟಿನ್‌ನಂಥ ಕೀಮೋಥೆರಪಿ ಕೊಟ್ಟರೆ ಆ ನಡುಗೆರೆ ಹತ್ತು-ಹನ್ನೆರಡು ತಿಂಗಳಿಗೆ ಸರಿಯುತ್ತೆ. ಎರಡು ವರ್ಷ ದಾಟೋದು ಐದರಲ್ಲಿ ಒಂದು.

ಅಂದ್ಮೇಲೆ ಕಾಲು ಯಾಕೆ ತೆಗೀಬೇಕು? ನೋವು ನಿಲ್ಲಿಸೋಕೆ. ಅಷ್ಟೇ. ಕೀಮೋ ಆಯುಷ್ಯಕ್ಕೆ, ಶಸ್ತ್ರಚಿಕಿತ್ಸೆ ನೋವಿಗೆ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ "ಇಷ್ಟು ಕಷ್ಟಪಟ್ಟು ಬರೀ ಐದು ತಿಂಗಳಾ" ಅಂತ ಕೇಳ್ತೀವಿ. ಎಂಟು ವರ್ಷದ ನಾಯಿಗೆ ಐದು ತಿಂಗಳು ನೋವಿಲ್ಲದೆ ವಾಸನೆ ನೋಡ್ತಾ ಓಡಾಡೋದು ಸಣ್ಣ ವಿಷಯ ಅಲ್ಲ.

ಬೇಡ ಅನ್ನಬೇಕಾದ ಸಂದರ್ಭಗಳೂ ಇವೆ. ಉಳಿದ ಕಾಲುಗಳಲ್ಲಿ ಸಂಧಿವಾತ ಜೋರಾಗಿದ್ರೆ, ಬೆನ್ನುಹುರಿಯ ತೊಂದರೆ ಇದ್ರೆ, ಮೈ ತೀರಾ ಭಾರವಾಗಿದ್ರೆ, ಶ್ವಾಸಕೋಶದಲ್ಲಿ ಆಗಲೇ ಗಡ್ಡೆ ಕಾಣ್ತಿದ್ರೆ. ಆಗ ನೋವು ಕಡಿಮೆ ಮಾಡೋಕೆ ವಿಕಿರಣ ಚಿಕಿತ್ಸೆ ಇದೆ, ಔಷಧಿಗಳಿವೆ. ದುಡ್ಡಿನ ಮಾತೂ ಇದೆ. ಜಪಾನಿನ ಆರೋಗ್ಯ ವಿಮೆ ಮನುಷ್ಯರಿಗೆ ಮಾತ್ರ, ನಾಯಿಗೆ ಖಾಸಗಿ ವಿಮೆ ಮಾಡಿಸಿಲ್ಲದಿದ್ರೆ ಪೂರ್ತಿ ನಿಮ್ಮ ಜೇಬಿನಿಂದಲೇ. ಕೈಯಲ್ಲಿ ಆಗಲ್ಲ ಅನ್ನೋರ ಪ್ರೀತಿ ಕಡಿಮೆ ಅಂತ ದಯವಿಟ್ಟು ಯಾರೂ ತೀರ್ಪು ಕೊಡಬೇಡಿ.

ಈಗ ಶಸ್ತ್ರಚಿಕಿತ್ಸೆ ಆಯ್ತು ಅಂದುಕೊಳ್ಳಿ. ಮುಂಗಾಲಾದ್ರೆ ಸಾಮಾನ್ಯವಾಗಿ ಹೆಗಲಿನ ಮೂಳೆ ಸಮೇತ ತೆಗೀತಾರೆ. ಅರ್ಧ ಕಾಲು ಉಳಿಸಿದ್ರೆ ನಾಯಿ ಅದನ್ನ ಊರೋಕೆ ಹೋಗಿ ಗಾಯ ಮಾಡಿಕೊಳ್ಳುತ್ತೆ ಅಂತ. ಹಾಗಾಗಿ ಕೃತಕ ಕಾಲು ಕಟ್ಟೋಕೆ ಅಲ್ಲಿ ಜಾಗವೇ ಇರಲ್ಲ, ಬಹುತೇಕ ನಾಯಿಗಳಿಗೆ ಅದರ ಅಗತ್ಯವೂ ಬೀಳಲ್ಲ. ತೆಗೆದ ಕಾಲಿನಿಂದ ಗಡ್ಡೆಯ ತುಂಡು ಪ್ರಯೋಗಾಲಯಕ್ಕೆ ಹೋಗುತ್ತೆ. ಮೂಳೆಯನ್ನು ಮೊದಲು ಆಮ್ಲದಲ್ಲಿಟ್ಟು ಮೆತ್ತಗೆ ಮಾಡಿದ ಮೇಲೇ ತೆಳುವಾಗಿ ಕತ್ತರಿಸೋಕೆ ಆಗೋದು, ಅದಕ್ಕೇ ವರದಿ ಬರೋದು ತಡ.

ಹೆಚ್ಚಿನ ನಾಯಿಗಳು ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತವೆ. ನೋಡೋ ನಮಗೇ ಎದೆ ಒಡೆಯೋದು. ಬೋಳಿಸಿದ ಚರ್ಮ, ಉದ್ದದ ಹೊಲಿಗೆ, ನೇರಳೆ ಬಣ್ಣಕ್ಕೆ ತಿರುಗಿದ ಮೈ. ಮೊದಲ ರಾತ್ರಿಗಳು ಕಷ್ಟವೇ: ಏದುಸಿರು, ನರಳಾಟ, ಎಲ್ಲಿ ಮಲಗಬೇಕು ಅಂತ ತಿಳೀದೆ ತಿರುಗಾಟ. ಇದರಲ್ಲಿ ಸ್ವಲ್ಪ ನೋವಿನದು, ಸ್ವಲ್ಪ ಔಷಧಿಯ ಅಮಲಿನದು. ಕತ್ತರಿಸಿದ ನರಗಳು ಇಲ್ಲದ ಕಾಲಿನ ನೋವನ್ನ ಮಿದುಳಿಗೆ ಕಳಿಸೋದು ಮನುಷ್ಯರಲ್ಲಿ ಚೆನ್ನಾಗಿ ಗೊತ್ತಿರೋ ವಿಷಯ, ನಾಯಿಗಳಲ್ಲೂ ಆಗಬಹುದು. ಇದ್ದಕ್ಕಿದ್ದಂತೆ ಕೀರಲು ದನಿ ತೆಗೆದು ಆ ಜಾಗವನ್ನು ತಿರುಗಿ ನೋಡಿದ್ರೆ ವೈದ್ಯರಿಗೆ ಹೇಳಿ, ಗ್ಯಾಬಾಪೆಂಟಿನ್‌ನಂಥ ಔಷಧಿಗಳಿವೆ. "ನಾಟಕ ಮಾಡುತ್ತೆ" ಅನ್ನಬೇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ನಮ್ಮ ಮನೆಗಳಲ್ಲಿ, ದಾವಣಗೆರೆಯಾಗಲಿ ಒಕಾಜಾಕಿಯಾಗಲಿ, ಡಬ್ಬದಲ್ಲಿ ಡೋಲೋ ಇದ್ದೇ ಇರುತ್ತೆ, ಊರಿಂದ ಸೂಟ್‌ಕೇಸಿನಲ್ಲಿ ಬಂದಿರುತ್ತೆ. ಅದನ್ನ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್ ಅಂತೂ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳು ಮಾಡುತ್ತೆ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣ ತೆಗೆಯಬಹುದು. ನೋವಿನ ಔಷಧಿ ವೈದ್ಯರು ಬರೆದದ್ದೇ, ಬರೆದ ಹೊತ್ತಿಗೇ. ನಾಯಿ ನರಳಿದ ಮೇಲೆ ಕೊಡೋಣ ಅಂತ ಕಾಯೋದಲ್ಲ.

ಆಮೇಲೆ ನೆಲ. ಚೇತರಿಕೆ ಅಂದ್ರೆ ಎಲ್ಲರೂ ವ್ಯಾಯಾಮ, ಪೌಷ್ಟಿಕ ಆಹಾರ ಅಂತ ಹೊರಡ್ತಾರೆ, ನನಗೆ ಕೇಳಿದ್ರೆ ಅರ್ಧ ಚೇತರಿಕೆ ನೆಲದಲ್ಲಿದೆ. ನಾಯಿಯ ಮೈಭಾರದಲ್ಲಿ ಸುಮಾರು ಶೇಕಡ 60 ಮುಂಗಾಲುಗಳ ಮೇಲೆ ಇರುತ್ತೆ. ಒಂದು ಮುಂಗಾಲು ಹೋದರೆ ಆ ಭಾರದ ಬಹುಪಾಲು ಉಳಿದ ಒಂದೇ ಮುಂಗಾಲಿಗೆ ಬೀಳುತ್ತೆ, ಅದು ಪ್ರತಿ ಹೆಜ್ಜೆಗೂ ಮೈಯ ನಡುಗೆರೆಯ ಕೆಳಗೆ ಬಂದು ಊರಬೇಕು. ಆ ಹೆಜ್ಜೆ ಜಾರಿದ್ರೆ ಹಿಡಿಯೋಕೆ ಇನ್ನೊಂದು ಇಲ್ಲ. ಬೆಂಗಳೂರಿನ ವಿಟ್ರಿಫೈಡ್ ಟೈಲ್ಸ್, ಊರಿನ ಮನೆಯ ಗ್ರಾನೈಟ್, ಜಪಾನಿನ ನುಣುಪು ಮರದ ನೆಲ, ಮೂರೂ ಶತ್ರುಗಳೇ. ತತಾಮಿ ಚಾಪೆ ಪರವಾಗಿಲ್ಲ, ಆದ್ರೆ ಈಗಿನ ಫ್ಲ್ಯಾಟುಗಳಲ್ಲಿ ತತಾಮಿ ಇದ್ರೆ ಒಂದು ಕೋಣೆಯಲ್ಲಿರುತ್ತೆ. ಮಕ್ಕಳ ಕೋಣೆಗೆ ಹಾಕೋ ಜೋಡಿಸುವ ಫೋಮ್ ಹಾಸುಗಳು ಸಿಗ್ತವೆ. ಅವನ್ನ ಹಾಸಿಗೆಯಿಂದ ಊಟದ ಜಾಗಕ್ಕೆ, ಅಲ್ಲಿಂದ ಬಾಗಿಲಿಗೆ ರಸ್ತೆಯ ಹಾಗೆ ಹಾಸಿ. ನಡುವೆ ಒಂದಡಿ ಬಿಟ್ಟರೂ ನಾಯಿ ಅಲ್ಲೇ ನಿಂತುಬಿಡುತ್ತೆ. ಬಾಗಿಲ ಬಳಿ, ಚಪ್ಪಲಿ ಬಿಡೋ ಗೆಂಕಾನ್‌ನ ಮೆಟ್ಟಿಲು ಮುಂಗಾಲಿಲ್ಲದ ನಾಯಿಗೆ ಹತ್ತೋದಕ್ಕಿಂತ ಇಳಿಯೋದು ಕಷ್ಟ. ಒಂದು ಹಲಗೆಗೆ ಒರಟು ಚಾಪೆ ಅಂಟಿಸಿ ಇಳಿಜಾರು ಮಾಡಿ. ಪಾದದ ನಡುವಿನ ಕೂದಲು, ಉಗುರು ಕತ್ತರಿಸಿ. ನೀರಿನ ಬಟ್ಟಲನ್ನ ಸ್ವಲ್ಪ ಎತ್ತರದಲ್ಲಿಡಿ, ಬಗ್ಗುವಾಗ ಮುಗ್ಗರಿಸದ ಹಾಗೆ. ತೂಕ ಏರೋಕೆ ಬಿಡಬೇಡಿ. ಪಾಪ ಅಂತ ಒಂದು ತುಂಡು ಚಪಾತಿ ಜಾಸ್ತಿ ಕೊಡೋರು ಮನೆಯಲ್ಲಿ ಒಬ್ಬರಾದ್ರೂ ಇರ್ತಾರೆ. ಆ ತುಂಡಿನ ಭಾರ ಹೊರೋದು ಆ ಒಂದು ಕಾಲು.

ಇಲ್ಲಿ ಒಕಾಜಾಕಿಯದೇ ಒಂದು ವಿಷಯ ಹೇಳಬೇಕು, ಪತ್ರ ನೋಡಿದ ಕೂಡಲೇ ನನಗೆ ನೆನಪಾದದ್ದು ಅದೇ. ಆ ಊರು ಜಪಾನಿಗರಿಗೆ ಗೊತ್ತಿರೋದು ಹಾಚ್ಚೊ ಮಿಸೊಗೆ ಮತ್ತು ಶೋಗುನ್ ತೊಕುಗಾವಾ ಇಯೆಯಾಸು ಹುಟ್ಟಿದ ಕೋಟೆಗೆ. ನಾಯಿಗಳ ಮೇಲಿನ ಕರುಣೆಗಾಗಿ ಕಾನೂನುಗಳನ್ನೇ ಮಾಡಿ "ನಾಯಿ ಶೋಗುನ್" ಅನ್ನಿಸಿಕೊಂಡ ತ್ಸುನಯೋಶಿ ಇದೇ ಇಯೆಯಾಸುವಿನ ಮರಿಮಗ, ಅದು ಹಾಗಿರಲಿ. ಹಿಗಾಶಿ ಒಕಾಜಾಕಿ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಜಪಾನಿನ ರಾಷ್ಟ್ರೀಯ ಶರೀರಕ್ರಿಯಾವಿಜ್ಞಾನ ಸಂಸ್ಥೆ ಇದೆ, 1977ರಲ್ಲಿ ಶುರುವಾದದ್ದು. ಅಲ್ಲಿ ತದಾಶಿ ಇಸಾ, ಯುಕಿಯೊ ನಿಶಿಮುರಾ ಮತ್ತು ಸಂಗಡಿಗರು ಒಂದು ಪ್ರಶ್ನೆ ಹಿಡಿದರು: ಬೆನ್ನುಹುರಿಗೆ ಪೆಟ್ಟಾಗಿ ಕೈ ಸೋತ ಮೇಲೆ ಮತ್ತೆ ಕೈ ಬರುತ್ತಲ್ಲ, ಅದು ಹೇಗೆ? ಮಕಾಕ್ ಕೋತಿಗಳಲ್ಲಿ ಬೆರಳುಗಳನ್ನು ಆಡಿಸುವ ನರಮಾರ್ಗವನ್ನು ಕತ್ತಿನ ಹತ್ತಿರ ಕತ್ತರಿಸಿದ್ರು. ಹೆಬ್ಬೆರಳು, ತೋರುಬೆರಳಿನಿಂದ ಸಣ್ಣ ತಿನಿಸನ್ನು ಹಿಡಿಯೋದು ತಪ್ಪಿಹೋಯ್ತು, ಅಭ್ಯಾಸ ಮಾಡಿಸ್ತಾ ಹೋದಂತೆ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಮರಳಿ ಬಂತು. 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅವರು ತೋರಿಸಿದ್ದು, ಚೇತರಿಕೆಯ ಮೊದಲ ಹಂತದಲ್ಲಿ ದುಡಿಯುವ ಮಿದುಳಿನ ಭಾಗಗಳೂ ಕೊನೆಯ ಹಂತದಲ್ಲಿ ದುಡಿಯುವ ಭಾಗಗಳೂ ಬೇರೆ ಬೇರೆ ಅಂತ.

2015ರಲ್ಲಿ ಅದೇ ಪತ್ರಿಕೆಯಲ್ಲಿ ಬಂದದ್ದು ಇನ್ನೂ ಸ್ವಾರಸ್ಯ. ಮಿದುಳಿನ ಆಳದಲ್ಲಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅಂತ ಒಂದು ಜಾಗ ಇದೆ. ಬೇಕು ಅನ್ನಿಸೋದು, ಹುಮ್ಮಸ್ಸು, ಬಹುಮಾನದ ಆಸೆ, ಇವಕ್ಕೆಲ್ಲ ಸಂಬಂಧಿಸಿದ್ದು. ಚೇತರಿಕೆಯ ಆರಂಭದಲ್ಲಿ ಆ ಜಾಗವನ್ನು ಔಷಧಿ ಹಾಕಿ ಸ್ವಲ್ಪ ಹೊತ್ತು ಮಲಗಿಸಿದ್ರು. ಆಗತಾನೇ ಮರಳುತ್ತಿದ್ದ ಬೆರಳಿನ ಹಿಡಿತ ಮತ್ತೆ ಕೆಟ್ಟಿತು. ಪೂರ್ತಿ ಚೇತರಿಸಿಕೊಂಡ ಮೇಲೆ ಅದನ್ನೇ ಮಾಡಿದ್ರೆ ಏನೂ ಆಗಲಿಲ್ಲ. ಅಂದ್ರೆ ಮೊದಲ ದಿನಗಳಲ್ಲಿ ಆಸೆಯ ಕೇಂದ್ರ ಚಲನೆಯ ಕೇಂದ್ರವನ್ನು ಹಿಂದಿನಿಂದ ತಳ್ಳುತ್ತಾ ಇತ್ತು.

ಕಾಲು ಕಳೆದುಕೊಂಡ ನಾಯಿ ಬೇರೆ, ಬೆನ್ನುಹುರಿಗೆ ಗಾಯವಾದ ಕೋತಿ ಬೇರೆ. ಇದರಿಂದ ಅದಕ್ಕೆ ಸೇತುವೆ ಕಟ್ತಿರೋದು ನಾನು, ಆ ವಿಜ್ಞಾನಿಗಳಲ್ಲ. ಇನ್ನೊಂದು ಮಾತು. ನಮ್ಮ ಮನೆಯ ಒಂದು ಪ್ರಾಣಿಗೆ ದಾರಿ ತೋರಿಸೋ ಈ ತಿಳಿವಳಿಕೆ ಬಂದಿರೋದು, ಹೆಸರೂ ಗೊತ್ತಿಲ್ಲದ ಬೇರೆ ಪ್ರಾಣಿಗಳಿಗೆ ಬೇಕಂತಲೇ ಗಾಯ ಮಾಡಿ. ಮನುಷ್ಯರ ಚೇತರಿಕೆಗಾಗಿ ಮಾಡಿದ ಕೆಲಸ ಅದು, ಬೆಲೆ ಇರೋ ಕೆಲಸ. ಆದರೂ ಅದನ್ನ ಹೇಳದೆ ಮುಂದೆ ಹೋಗೋದು ನನಗೆ ಸರಿ ಕಾಣಲ್ಲ.

ಸೇತುವೆಯ ಆಚೆ ನನಗೆ ಕಾಣೋದು ಏನಂದ್ರೆ, ಮೊದಲ ವಾರಗಳಲ್ಲಿ ನಾಯಿಗೆ ಏಳೋಕೆ ಒಂದು ಕಾರಣ ಬೇಕು. ಎಲ್ಲವನ್ನೂ ಹಾಸಿಗೆಗೇ ತಂದುಕೊಟ್ಟು, ತಲೆ ಸವರುತ್ತಾ, ಪಕ್ಕದಲ್ಲಿ ಕೂತು ಅತ್ತರೆ ಆ ಕಾರಣವನ್ನು ನಾವೇ ಕಿತ್ತುಕೊಂಡ ಹಾಗೆ. ವೈದ್ಯರು ಸರಿ ಅಂದ ದಿನದಿಂದ ಬಟ್ಟಲನ್ನ ಎರಡು ಹೆಜ್ಜೆ ದೂರ ಇಡಿ. ಮಗಳು ಶಾಲೆಯಿಂದ ಬರೋ ಹೊತ್ತಿಗೆ ಬಾಗಿಲ ತನಕ ಕರೆದುಕೊಂಡು ಹೋಗಿ, ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಡಿದುಕೊಂಡು. ಇಷ್ಟದ ಗೆಳೆಯ ನಾಯಿ ಇದ್ರೆ ಅದರ ವಾಸನೆ ಸಿಗೋ ಕಡೆ ಐದು ನಿಮಿಷ. ಹೊಲಿಗೆ ಬಿಚ್ಚೋ ತನಕ, ಅಂದ್ರೆ ಹತ್ತು-ಹದಿನಾಲ್ಕು ದಿನ, ಜಿಗಿತ, ಓಟ ಬೇಡ. ಬೇಕು ಅನ್ನಿಸೋದು ಮಾತ್ರ ಮೊದಲ ದಿನದಿಂದಲೇ ಇರಲಿ.

ನಮ್ಮ ಊರುಗಳ ಬಸ್ ಸ್ಟ್ಯಾಂಡಿನಲ್ಲಿ ಮೂರು ಕಾಲಿನ ಬೀದಿನಾಯಿಯನ್ನು ನೋಡದ ಕನ್ನಡಿಗರು ಯಾರಿದ್ದಾರೆ? ಲಾರಿಯೋ ಸ್ಕೂಟರೋ ಹಾಯ್ದು ಕಾಲು ಹೋಗಿರುತ್ತೆ. ಯಾರೂ ಫೋಮ್ ಹಾಸಿಲ್ಲ, ನೋವಿನ ಔಷಧಿ ಕೊಟ್ಟಿಲ್ಲ, ಅದು ಅನುಭವಿಸಿದ್ದನ್ನು ನೆನೆದ್ರೆ ಸಂಕಟ ಆಗುತ್ತೆ. ಆದರೂ ಬಜ್ಜಿ ಅಂಗಡಿ ಮುಂದೆ ಜಗಳಕ್ಕೆ ಮೊದಲು ನಿಲ್ಲೋದು ಅದೇ. ಅದನ್ನ ನಾವು ಕುಂಟ ಅಂತ ಕರೀತೀವಿ, ಅದಕ್ಕೆ ಗೊತ್ತಿಲ್ಲ. ನೆದರ್ಲೆಂಡ್ಸಿನಲ್ಲಿ ಕಾಲು ತೆಗೆಸಿಕೊಂಡ 44 ನಾಯಿಗಳ ಮನೆಯವರನ್ನು ಕೇಳಿ ಮಾಡಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯ್ತು. ಹೆಚ್ಚಿನ ನಾಯಿಗಳು ತಿಂಗಳೊಳಗೆ ಹೊಂದಿಕೊಂಡಿದ್ದವು.

ಕೀಮೋ ಬಗ್ಗೆ ಬೇಗ ಹೇಳಿಬಿಡ್ತೀನಿ. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಮನುಷ್ಯರಷ್ಟು ಸುಸ್ತು, ವಾಂತಿ ನಾಯಿಗಳಲ್ಲಿ ಕಾಣಲ್ಲ, ಪ್ರಮಾಣವನ್ನೇ ಹಾಗೆ ಇಟ್ಟಿರ್ತಾರೆ. ಹೆಚ್ಚಿನ ತಳಿಗಳಲ್ಲಿ ಕೂದಲೂ ಉದುರಲ್ಲ. ಬೆಕ್ಕು ಸಾಕಿರೋರಿಗೆ ಒಂದು ಒಳ್ಳೇ ಸುದ್ದಿ: ಬೆಕ್ಕುಗಳಲ್ಲಿ ಇದೇ ಕ್ಯಾನ್ಸರ್ ಹರಡೋದು ತೀರಾ ಕಡಿಮೆ, ಬರೀ ಕಾಲು ತೆಗೆದೇ ವರ್ಷಗಟ್ಟಲೆ ಬದುಕಿರೋ ಬೆಕ್ಕುಗಳಿವೆ.

ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್-ರೇ. ಒಂದು ದಿನ ಅದರಲ್ಲಿ ಬಿಳಿ ಚುಕ್ಕೆಗಳು ಕಾಣಬಹುದು, ಹೆಚ್ಚಿನ ನಾಯಿಗಳಲ್ಲಿ ಕಾಣುತ್ತವೆ. ಚುಕ್ಕೆ ಕಂಡ ದಿನವೇ ನಾಯಿಗೆ ತೊಂದರೆ ಶುರುವಾಗಿರುತ್ತೆ ಅಂತೇನಿಲ್ಲ, ಎಷ್ಟೋ ವಾರ ಅದು ಚೆನ್ನಾಗಿಯೇ ಇರುತ್ತೆ. ಅದಕ್ಕೇ ನಾನು ಹೇಳೋದು, ಶಸ್ತ್ರಚಿಕಿತ್ಸೆ ಆದ ದಿನದಿಂದಲೇ ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ. ತಿಂದಿತು, ನಡೆಯಿತು, ಬಾಲ ಆಡಿಸಿತು ಅಂದ್ರೆ ಒಂದು ಗುರುತು, ಇಲ್ಲ ಅಂದ್ರೆ ಇನ್ನೊಂದು. ಬರೆಯೋ ಕೆಲಸ ಮಗಳಿಗೇ ಕೊಡಿ. ಕೆಟ್ಟ ದಿನಗಳು ಒಂದರ ಪಕ್ಕ ಒಂದು ಬರೋಕೆ ಶುರುವಾದಾಗ ಆ ಹಾಳೆಯನ್ನೇ ಕಳಚಿಕೊಂಡು ವೈದ್ಯರ ಹತ್ತಿರ ಹೋಗಿ. ಅಮ್ಮನಿಗೆ ಫೋನ್ ಮಾಡೋವಾಗಲೂ ಅದನ್ನೇ ಓದಿ ಹೇಳಿ.