“ಎಲ್ಲಾ ಗಾಡೀನೂ ಹಾಗೇ ಸಾರ್” ಅಂದ್ರೆ ನಂಬಬೇಡಿ

ಹೋದ ತಿಂಗಳು ನನ್ನ ಕಾರಿಗೆ ಚಳಿಜ್ವರ ಬಂತು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಸ್ಟೀರಿಂಗು, ಸೀಟು, ಕನ್ನಡಿ ಎಲ್ಲಾ ಗಡಗಡ. ಗ್ಯಾರೇಜಿನವನು ಬಾನೆಟ್ ಎತ್ತಿ ಒಂದು ನಿಮಿಷ ನೋಡಿ ತೀರ್ಪು ಕೊಟ್ಟ: “ಎಂಜಿನ್ ಮೌಂಟ್ ಹೋಗಿದೆ ಸಾರ್, ಮೂರೂ ಹಾಕ್ಸಿಬಿಡಿ”. ಹಾಕಿಸಿದೆ. ನಡುಕ ಹೋಗಲಿಲ್ಲ. ಮತ್ತೆ ಹೋಗಿ ಕೇಳಿದ್ದಕ್ಕೆ “ಹಳೇದಲ್ವಾ ಸಾರ್, ಎಲ್ಲಾ ಗಾಡೀನೂ ಹಾಗೇ” ಅಂದುಬಿಟ್ಟ!

ನನ್ನ ತಕರಾರು ಇರೋದು ಇಲ್ಲೇ. ಮೌಂಟ್ ಅನ್ನೋದು ಕಬ್ಬಿಣದ ನಡುವೆ ಕೂತ ರಬ್ಬರ್ ದಿಂಬು. ಅದು ನಡುಕ ಹುಟ್ಟಿಸೋದಿಲ್ಲ, ಎಂಜಿನ್ನಿನ ನಡುಕ ಬಾಡಿಗೆ ದಾಟದ ಹಾಗೆ ತಡೆಯುತ್ತೆ ಅಷ್ಟೆ. ರಬ್ಬರ್ ಹರಿದಿದ್ರೆ ಕ್ಲಚ್ ಬಿಡುವಾಗ ಧಡ್ ಅನ್ನುತ್ತೆ, ಎಂಜಿನ್ ಎದ್ದು ಕೂರೋದು ಕಣ್ಣಿಗೇ ಕಾಣುತ್ತೆ. ನನ್ನ ಕಾರಿನಲ್ಲಿ ಅದ್ಯಾವುದೂ ಇರಲಿಲ್ಲ. ಇದ್ದದ್ದು ತಾಳ ತಪ್ಪಿದ ಎಂಜಿನ್: ಡಬ್ ಡಬ್ ಡಬ್... ಡಬ್ ಡಬ್ ಡಬ್... ನಾಲ್ಕನೆಯದು ನಾಪತ್ತೆ! ಎಂಜಿನ್ ಲೈಟು ಬೇರೆ ಆಗಾಗ ಮಿಣುಕುತ್ತಿತ್ತು. ಇದು ಮಿಸ್‌ಫೈರ್ ಮಾರಾಯ್ರೆ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಸಾಮಾನ್ಯವಾಗಿ ಸ್ಪಾರ್ಕ್ ಪ್ಲಗ್ಗೋ, ಇಗ್ನಿಷನ್ ಕಾಯಿಲ್ಲೋ, ಇಂಜೆಕ್ಟರೋ ಕೈಕೊಟ್ಟಿರುತ್ತೆ.

ಕೊನೆಗೆ ಬೇರೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಪಿ0302 ಅಂತ ಬಂತು, ಅಂದ್ರೆ ಎರಡನೇ ಸಿಲಿಂಡರ್. ಅದರ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿದರು. ಕೋಡು ಪಿ0303 ಆಯ್ತು. ಕಾಯಿಲೇ ಕಳ್ಳ! ಹತ್ತು ನಿಮಿಷದ ಕೆಲಸ. ಇಷ್ಟಕ್ಕೆ ನಾನು ಮೂರು ವಾರ ಹಾಗೇ ಓಡಿಸಿದ್ದೆ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಇಳಿದು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದರೆ ಅದೂ ಕರಗಿಹೋಗಬಹುದು, ಅದರ ಬೆಲೆ ಕಾಯಿಲಿನ ಎಷ್ಟೋ ಪಟ್ಟು. “ಓಡ್ಸಿ ಸಾರ್, ಏನಾಗಲ್ಲ” ಅನ್ನೋರು ಇದನ್ನು ಹೇಳೋದೇ ಇಲ್ಲ.

ಮೂರು ಸಿಲಿಂಡರಿನ ಗಾಡಿ ಸ್ವಲ್ಪ ನಡುಗುತ್ತೆ, ಒಪ್ಪಿದೆ. ಮಾರುತಿ 800 ಓಡಿಸಿದವರಿಗೆ ಗೊತ್ತು. ನಾಲ್ಕು ಸಿಲಿಂಡರ್ ಇದ್ದರೆ 180 ಡಿಗ್ರಿಗೊಮ್ಮೆ ಉರಿಯುತ್ತೆ, ಮೂರಾದರೆ 240ಕ್ಕೊಮ್ಮೆ. ಆದರೆ ಆ ನಡುಕ ಕೊಂಡ ದಿನದಿಂದಲೂ ಇರುತ್ತೆ. ನಿನ್ನೆ ಇಲ್ಲದ್ದು ಇವತ್ತು ಬಂದರೆ ಅದು ಸ್ವಭಾವ ಹೇಗಾಗುತ್ತೆ? (ನಿಂತಾಗ ಸುಮ್ಮನಿದ್ದು 80 ಕಿ.ಮೀ. ವೇಗ ದಾಟಿದಾಗ ಮಾತ್ರ ನಡುಗಿದರೆ ಎಂಜಿನ್ನಿಗೆ ಬೈಬೇಡಿ, ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ.)

ತಪ್ಪು ನಮ್ಮದೂ ಇದೆ ಬಿಡಿ. ಏನು ಪರೀಕ್ಷೆ ಮಾಡಿದ್ರಿ ಅಂತ ಕೇಳದೆ ಬಿಲ್ ಕಟ್ಟಿ ಬರ್ತೀವಿ. ಬಿಚ್ಚಿದ ಹಳೇ ಮೌಂಟುಗಳನ್ನು ನಾನು ಜಗಳ ಮಾಡಿ ಇಸ್ಕೊಂಡು ಬಂದೆ. ಮೂರರಲ್ಲೂ ಒಂದು ಬಿರುಕಿಲ್ಲ. ಈಗ ಗಾಳಿಗೆ ಬಡಿಯೋ ಬಾಗಿಲಿಗೆ ಒಂದನ್ನು ಅಡ್ಡ ಇಟ್ಟಿದೀವಿ.